ಕಾಲುವೆ ದಂಡೆಯ ಪಂಕ್ತಿ

ವೈನಿಯ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ರೊಟ್ಟಿ ತಿರುವಿ ಹಾಕುವ ಕೈ ಅದು. ಹಂಚಿನ ಝಳ ಹೊಡೆದು ಹೊಡೆದು ಅಲ್ಲಿಯ ಚರ್ಮ ನುಣುಪಾಗಿ, ತುಸು ಕೆಂಪಾಗಿ, ಹಳೆಯ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು. ಎಡಗೈ ಹಾಗಿರಲಿಲ್ಲ. ಮನೆಗೆ ಬಂದವರಿಗೆ ಅವರು ಕೈ ಮುಗಿದಾಗ ಬೇರೆ ಬೇರೆ ಇಬ್ಬರು ಹೆಂಗಸರ ಕೈಗಳನ್ನು ಜೋಡಿಸಿದಂತೆ ಕಾಣುತ್ತಿತ್ತು. ಸಣ್ಣವನಿದ್ದಾಗ ನಾನು ಆ ಕೈಗಳನ್ನು ಹಿಡಿದುಕೊಂಡು, "ವೈನಿ, ಇದು ನಿಮ್ಮದು. ಇನ್ನೊಂದು ಯಾರದು?" ಎಂದು ಕೇಳುತ್ತಿದ್ದೆನಂತೆ. "ಅದು ಒಲೀದು," ಎನ್ನುತ್ತಿದ್ದರಂತೆ.

ಅವರು ನನ್ನ ಅಣ್ಣನ ಹೆಂಡತಿ. ತವರು ಹೂವಿನ ಹಿಪ್ಪರಗಿ. ನಮ್ಮ ಅವ್ವ ತೀರಿಕೊಂಡು, ಮನೆಯಲ್ಲಿ ಬರೀ ಗಂಡಸರು ಉಳಿದು, ಮಧ್ಯಾಹ್ನದ ಹೊತ್ತಿಗೆ ಒಲೆಯಲ್ಲಿ ಬೆಕ್ಕು ಮಲಗುತ್ತಿದ್ದ ಕಾಲದಲ್ಲಿ ಅವರು ಸೊಸೆಯಾಗಿ ಬಂದರು. ಅಣ್ಣ ಕಡಿಮೆ ಮಾತಿನವನು. ನಾನು ಇನ್ನೂ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಮಾತು ಶುರುವಾಗಿದ್ದೇ ಅವರು ಬಂದ ಮೇಲೆ.

ಅವರು ಹೋಗಿ ಈಗ ಒಂದು ಬೇಸಿಗೆ ಕಳೆಯುತ್ತ ಬಂತು. ಅವರನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಬರುವುದು ದಿನದ ಅಡುಗೆಯಲ್ಲ, ಮಂದಿ ಕೂಡಿದಾಗಿನ ಊಟ. ನಮ್ಮ ಓಣಿಯಲ್ಲಿ ತೊಟ್ಟಿಲ ಕಾರ್ಯ ಇರಲಿ, ಮನೆ ಶಾಂತಿ ಇರಲಿ, ಸಂಘದ ಸಭೆ ಇರಲಿ, ದಿನ ಗೊತ್ತಾದ ಕೂಡಲೇ ಜನ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ವೈನಿ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವರಿಂದ ಬೈಸಿಕೊಳ್ಳದೆ ಯಾರೂ ಎದ್ದು ಹೋಗಿದ್ದು ನನಗೆ ನೆನಪಿಲ್ಲ.

"ವೈನಿ, ಎರಡ ನೂರ ಮಂದಿ ಆಗ್ತಾರ್ರಿ," ಎಂದು ಒಬ್ಬ ಬಂದು ಹೇಳುತ್ತಿದ್ದ.

"ಎರಡ ನೂರ ಹೊಟ್ಟಿಯೇನೋ, ಎರಡ ನೂರ ಬಾಯಿಯೇನೋ? ನಿಮ್ಮ ಮಾವನ ಕಡಿಯವ್ರು ಬರ್ತಾರಂದ್ರ ಬಾಯಿ ಹೆಚ್ಚ, ಹೊಟ್ಟಿ ಕಡಿಮಿ. ನಿನ್ನ ದೋಸ್ತ್ರು ಬರ್ತಾರಂದ್ರ ಅದರ ಉಲ್ಟಾ. ಯಾರ್ ಬರ್ತಾರ, ಎಲ್ಲಿಂದ ಬರ್ತಾರ, ಯಾವಾಗ ಹೊಳ್ಳಿ ಹೊಕ್ಕಾರ, ಅದನ್ನ ಹೇಳು ಮೊದಲ."

ಅವರ ಲೆಕ್ಕ ಅಲ್ಲಿಂದ ಶುರುವಾಗುತ್ತಿತ್ತು. ಸಿಂದಗಿ ಬಸ್ಸಿಗೆ ಓಡುವವರಿದ್ದರೆ ಅವರದು ಮೊದಲ ಪಂಕ್ತಿ, ಕೈಯಲ್ಲಿ ಒಣಗಿಸಿದ ಕಟಕ ರೊಟ್ಟಿಯ ಗಂಟು ಬೇರೆ. ಹಲ್ಲಿಲ್ಲದ ಹಿರಿಯರಿದ್ದರೆ ಅವರಿಗೆ ಬಿಸಿ ರೊಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೇರೆ ಬುಟ್ಟಿಯಲ್ಲಿ ಇಡಬೇಕು. ಸೋಮವಾರ ಒಪ್ಪತ್ತು ಮಾಡುವವರು ಯಾರು, ಸಕ್ಕರೆ ಕಾಯಿಲೆಯವರು ಯಾರು, ಹಸಿಮೆಣಸಿನಕಾಯಿ ಇಲ್ಲದೆ ತುತ್ತು ಎತ್ತದವರು ಯಾರು, ಎಲ್ಲವನ್ನೂ ಕೇಳುತ್ತಿದ್ದರು. ಎಲ್ಲ ಕೇಳಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಊಟದ ಜಾಗಕ್ಕೆ ತಾವೇ ಹೋಗುತ್ತಿದ್ದರು. ಅಲ್ಲಿ ಖಾಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸುತ್ತ ನೋಡುವರು. ಬಿಸಿಲು ಮುಖಕ್ಕೆ ಹೊಡೆಯುತ್ತದೆಯೇ, ಬಡಿಸುವವನು ಕಾಲು ತುಳಿಯದೆ ಹೋಗಬಹುದೇ, ಗಾಳಿ ಎದ್ದರೆ ದೂಳು ಯಾವ ಕಡೆಯಿಂದ ಬರುತ್ತದೆ. ಒಬ್ಬ ಹೆಂಗಸು ಬಯಲಿನಲ್ಲಿ ಒಬ್ಬಳೇ ಊಟಕ್ಕೆ ಕೂತಂತೆ ಕೂತಿರುವುದನ್ನು ನೋಡಿ ದಾರಿಯಲ್ಲಿ ಹೋಗುವವರು ನಗುತ್ತಿದ್ದರು.

"ನಗ್ರಿ. ನಾಳಿ ನೀವ ಬಂದು ಇಲ್ಲೇ ಕುಂಡರ್ತೀರಿ," ಎನ್ನುತ್ತಿದ್ದರು. "ಮೊದಲ ನೆರಳ, ಆಮ್ಯಾಲ ನೀರ, ಕಡೀಕ ರೊಟ್ಟಿ. ಬಿಸಲಾಗ ಕುಂಡ್ರಿಸಿ ಹೋಳಿಗಿ ಹಾಕಿದ್ರೂ ಮನಿಷ್ಯಾ ಬಿಸಲ ಅಷ್ಟ ನೆನಪ ಇಟಗೊಂಡ ಹೊಕ್ಕಾನ."

ಊಟ ನಡೆದಾಗ ಅವರು ಪಂಕ್ತಿಯ ಮುಂದೆ ಬರುತ್ತಿರಲಿಲ್ಲ. ಬಾಗಿಲ ಹಿಂದೆಯೋ ಪರದೆಯ ಹಿಂದೆಯೋ ನಿಂತು ಕೇಳುತ್ತಿದ್ದರು. ಊಟ ಚೆನ್ನಾಗಿದ್ದರೆ ಪಂಕ್ತಿಯ ಸದ್ದು ಒಮ್ಮೆ ಇಳಿದು, ಆಮೇಲೆ ಏರುತ್ತದೆ ಎಂದು ಅವರ ನಂಬಿಕೆ. ಇಳಿಯದಿದ್ದರೆ ಉಪ್ಪು ಕಡಿಮೆ. ಏರದಿದ್ದರೆ ಯಾರೋ ಯಾರ ಮೇಲೋ ಮುನಿಸಿಕೊಂಡಿದ್ದಾರೆ.

ನಾನು ಪಿಯುಸಿಗೆ ಓದು ಬಿಟ್ಟು ಹೊಲ ನೋಡಿಕೊಂಡಿದ್ದವನು. ಕಾಲುವೆ ನೀರು ಬಳಸುವ ರೈತರ ಸಂಘ ಆದಾಗ, ಬರೆಯಲು ಬರುತ್ತದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಅಂದಿನಿಂದ ವೈನಿ ನನ್ನನ್ನು ಖುಷಿಯಲ್ಲಿದ್ದಾಗ ತಮ್ಮಾ ಎಂದೂ, ಸಿಟ್ಟಿನಲ್ಲಿದ್ದಾಗ ಸೆಕ್ರೆಟ್ರಿ ಸಾಹೇಬ್ರ ಎಂದೂ ಕರೆಯುತ್ತಿದ್ದರು.

ನಮ್ಮ ಊರು ಮುದ್ದೇಬಿಹಾಳ ತಾಲೂಕಿನ ಅಂಚಿನಲ್ಲಿದೆ. ಸಂತೆಗೆ ಬಸವನ ಬಾಗೇವಾಡಿ ಹತ್ತಿರ. ಕಾಲುವೆ ನಮ್ಮಲ್ಲಿಂದ ಸಿಂದಗಿಯ ಹೊಲಗಳನ್ನು ದಾಟಿ ಕೊನೆಗೆ ಇಂಡಿ ತಾಲೂಕಿಗೆ ಹೋಗಬೇಕು. ಹೋಗಬೇಕು ಎಂಬುದು ನಕ್ಷೆಯ ಮಾತು. ನಮ್ಮ ಕಡೆಯವರು ನೀರು ಕಂಡು ಕಬ್ಬು ಹಾಕಿದರು. ತೂಬುಗಳು ಹಗಲೂ ರಾತ್ರಿ ತೆರೆದೇ ಇರುತ್ತಿದ್ದವು. ಸಿಂದಗಿ ದಾಟುವ ಹೊತ್ತಿಗೆ ನೀರು ಸೊರಗುತ್ತಿತ್ತು. ಕೊನೆಯ ಊರುಗಳಲ್ಲಿ ಕಾಲುವೆಯೊಳಗೆ ಆಡು ಮೇಯುತ್ತಿದ್ದವು. ಅಲ್ಲಿಯವರದು ಲಿಂಬೆ ತೋಟಗಳು. ಜೋಳ ಒಂದು ವರ್ಷ ಹೋದರೆ ಮತ್ತೊಂದು ವರ್ಷ ಬಿತ್ತಬಹುದು. ಲಿಂಬೆ ಗಿಡ ಒಣಗಿದರೆ ಅದರ ಜೊತೆಗೆ ಅದನ್ನು ಬೆಳೆಸಿದ ವರ್ಷಗಳೂ ಒಣಗುತ್ತವೆ.

ಮೇಲಿನವರೂ ಕೊನೆಯವರೂ ಸಿಂದಗಿಯಲ್ಲಿ ಕೆಲವು ಸಲ ಸೇರಿದ್ದೆವು. ಪ್ರತಿ ಸಲವೂ ನಿಂತುಕೊಂಡೇ ಜಗಳಾಡಿ, ನಿಂತವರು ಹಾಗೇ ಹೊರಟುಬಿಡುತ್ತಿದ್ದೆವು. ಅಂಥ ಒಂದು ಸಭೆಯಿಂದ ನಾನು ಮುಖ ಇಳಿಬಿಟ್ಟು ಮನೆಗೆ ಬಂದಾಗ ವೈನಿ ತಾಟು ಇಟ್ಟರು.

"ಏನ ತಿಂದ್ರಿ ಅಲ್ಲಿ?"

"ಚಾ, ಬಿಸ್ಕೀಟ್ರಿ."

"ಬಿಸ್ಕೀಟ್ ತಿಂದು ನೀರ ಹಂಚಾಕ ಹೋಗಿದ್ರೇನ? ಹಸದ ಮನಿಷ್ಯಾ ಅರ್ಧಾ ಕಿವುಡ ಇರ್ತಾನ, ತಮ್ಮಾ. ಅವ್ರನ್ನ ಇಲ್ಲಿಗಿ ಕರೀರಿ. ನೀರ ಇದ್ದವ್ರು ಕರೀಬೇಕು, ಇಲ್ಲದವ್ರು ಎಷ್ಟ ಸಲ ಬರ್ತಾರ?"

ಸಂಘದವರಿಗೆ ಈ ಮಾತು ಒಪ್ಪಿಗೆಯಾಯಿತು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಬ್ಬು ಇದ್ದವರೊಬ್ಬರಿದ್ದರು. ಊರ ಸಂಬಂಧದಲ್ಲಿ ನಮಗೆ ಮಾವ ಆಗಬೇಕು. ಕಬ್ಬಿನ ಮಾವ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರು ಮಾತ್ರ, "ವಿಜಯಪುರದಿಂದ ಕ್ಯಾಟರಿಂಗ್ನವ್ರನ್ನ ಕರಸೂಣು. ಮೇಜ ಹಾಕ್ತಾರ, ಮಂದಿ ತಾವ ಹಾಕ್ಕೊಂಡ ಉಣ್ತಾರ. ಚೊಕ್ಕ ಆಗತೈತಿ," ಎಂದರು.

"ನಿಂತ ಉಣ್ಣವ್ರು ನಿಂತ ಹೊಕ್ಕಾರ, ಮಾವಾ," ಎಂದರು ವೈನಿ ಒಳಗಿನಿಂದ. "ಕುಂತ ಉಂಡವ್ರಿಗಿ ಏಳಾಕ ಜರಾ ಹೊತ್ತ ಹಿಡಿತೈತಿ. ಆ ಹೊತ್ತಿನ್ಯಾಗನ ನೀವು ಮಾತ ಆಡಬೇಕು."

ಅಲ್ಲಿಗೆ ಅದು ತೀರ್ಮಾನವಾಯಿತು. ಊಟದ ಹೊಣೆಯನ್ನು ವೈನಿ ಹೊತ್ತರು. ರೊಟ್ಟಿಯನ್ನು ಓಣಿಯ ಮನೆಗಳಿಗೆ ಹಂಚಿದರು. ಹಿಟ್ಟು ಜರಡಿ ಹಿಡಿಯುವುದು ಯಾರು, ಬದನೆಕಾಯಿ ಎಣ್ಣೆಗಾಯಿ ಯಾರು, ಶೇಂಗಾ ಹಿಂಡಿ ಯಾರು ಎಂದು ಗೊತ್ತು ಮಾಡಿದರು. ಜಾಗ ಹುಡುಕಲು ನನ್ನನ್ನೂ ಕರೆದುಕೊಂಡು ಹೋದರು. ಸಮುದಾಯ ಭವನದ ತಗಡಿನ ಕೆಳಗೆ ಕೂತು ನೋಡಿ, "ಒಲಿ ಮ್ಯಾಲ ಕುಂತಂಗ ಆಗತೈತಿ," ಎಂದು ಎದ್ದರು. ಕೊನೆಗೆ ಕಾಲುವೆಯ ದಂಡೆಯ ಮೇಲಿನ ಬೇವಿನ ಗಿಡಗಳ ಕೆಳಗೆ ಕೂತಾಗ ಅವರ ಮುಖ ಅರಳಿತು. ನೀರಿನ ಮೇಲಿನಿಂದ ಗಾಳಿ ಬರುತ್ತಿತ್ತು. ದೂಳಿಲ್ಲ, ಬಿಸಿಲಿಲ್ಲ. "ಇಲ್ಲೇ," ಎಂದರು. ದೂರದಿಂದ ಬರುವವರಿಗೆ ಸಿಹಿ ಇಲ್ಲದೆ ಆಗುವುದಿಲ್ಲ ಎಂದು ಗೋದಿ ಹುಗ್ಗಿ ಮಾಡುವುದೆಂದಾಯಿತು. ಬೆಲ್ಲವನ್ನು ಕಬ್ಬಿನ ಮಾವನೇ ತಮ್ಮ ಗಾಣದಿಂದ ಕೊಟ್ಟರು. ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಆ ದಿನ ಸಿಂದಗಿಯವರು ಮೊದಲು ಬಂದರು. ಆಮೇಲೆ ಇಂಡಿ ಕಡೆಯವರ ಕ್ರೂಸರ್ ಗಾಡಿಗಳು ಬಂದು ನಿಂತವು. ಮೊದಲು ಇಳಿದವರು ಅವರ ಹಿರಿಯರು, ಲಿಂಬೆ ತೋಟದ ಕಾಕಾ. ಎತ್ತರದ ಆಳು, ರುಮಾಲು, ಕೈಯಲ್ಲಿ ಕೋಲು. ಅವರು ನಮ್ಮ ಕಡೆ ನೋಡಲಿಲ್ಲ. ದಂಡೆಯ ಮೇಲೆ ನಿಂತು, ಎರಡೂ ಬದಿ ತುಂಬಿ ಹರಿಯುತ್ತಿದ್ದ ಕಾಲುವೆಯನ್ನು ನೋಡಿದರು. ಅದರಾಚೆ ಆಳೆತ್ತರ ನಿಂತಿದ್ದ ಕಬ್ಬನ್ನು ನೋಡಿದರು. ಅವರ ಹಿಂದೆ ಒಬ್ಬೊಬ್ಬರೇ ಬಂದು ಸಾಲಾಗಿ ನಿಂತು ನೀರು ನೋಡತೊಡಗಿದರು. ನಾನು ಹೋಗಿ ಕೈ ಮುಗಿದು, ಪತ್ರಾವಳಿ ಹಾಕಿದ್ದೇವೆ, ಮೊದಲು ಊಟ, ಸಿಹಿ ಮಾಡಿಸಿದ್ದೇವೆ ಎಂದೆ.

"ಏನ ಸಿಹಿ?"

"ಗೋದಿ ಹುಗ್ಗಿರಿ ಕಾಕಾ. ನಮ್ಮೂರ ಬೆಲ್ಲದ್ದು."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟಿನಿಂದ ಅಲ್ಲ. "ನಿಮ್ಮ ಹುಗ್ಗಿ ನಿಮಗಿರ್ಲಿ, ಸೆಕ್ರೆಟ್ರಿ. ಆ ಬೆಲ್ಲದಾಗ ನಮ್ಮ ಗಿಡದ ನೀರ ಐತಿ. ನಮಗ ಅದು ಗಂಟಲದಾಗ ಇಳಿಯಂಗಿಲ್ಲ. ನಾವು ಬುತ್ತಿ ತಂದೇವಿ."

ಅವರೆಲ್ಲರೂ ದೂರದ ಒಂದು ಬೇವಿನ ಗಿಡದ ಕೆಳಗೆ ಹೋಗಿ, ನಮಗೆ ಬೆನ್ನು ಮಾಡಿ ಕೂತು, ಬುತ್ತಿಯ ಗಂಟು ಬಿಚ್ಚತೊಡಗಿದರು. ಪಂಕ್ತಿಯಲ್ಲಿ ಆಗಲೇ ಕೂತಿದ್ದ ಸಿಂದಗಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಮೂವರು ಎದ್ದು ನಿಂತರು. ಅವರು ಎದ್ದುಹೋದರೆ ಸಭೆ ಅಲ್ಲಿಗೆ ಮುಗಿದಂತೆ. ಇನ್ನೊಂದು ಸಲ ಕರೆದರೆ ಯಾರೂ ಬರುವುದಿಲ್ಲ. ಆ ವರ್ಷದ ಹಿಂಗಾರಿಯಲ್ಲಿ ನೀರು ಮುಟ್ಟದಿದ್ದರೆ ಕೊನೆಯ ಊರುಗಳ ತೋಟಗಳು ಉಳಿಯುವುದಿಲ್ಲ ಎಂದು ನಮಗೆ ಗೊತ್ತಿತ್ತು.

"ಉಣ್ಣದಿದ್ರ ಬಿಡ್ಲಿ ಬಿಡೋ. ಕರೆದ ಊಟ ಒಲ್ಲೆ ಅನ್ನವ್ರ ಕಾಲ ಹಿಡಿಬೇಕೇನ?" ಎಂದರು ಕಬ್ಬಿನ ಮಾವ, ಅವರಿಗೆ ಕೇಳಿಸುವಂತೆ.

ನಾನು ಒಲೆಗಳಿಗೆ ಮರೆಯಾಗಿ ಕಟ್ಟಿದ್ದ ಪರದೆಯ ಹಿಂದೆ ಹೋದೆ. ವೈನಿಗೆ ಎಲ್ಲವೂ ಕೇಳಿಸಿತ್ತು. ಅವರು ಹುಗ್ಗಿಯ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತಿದ್ದರು.

"ನಾ ತಪ್ಪ ಮಾಡ್ದೆ, ತಮ್ಮಾ," ಎಂದರು ಮೆಲ್ಲಗೆ. "ನೆರಳ ನೋಡ್ದೆ. ನೆರಳಿನ್ಯಾಗ ಕುಂತವ್ರ ಕಣ್ಣಿಗಿ ಏನ ಕಾಣತೈತಿ ಅದನ್ನ ನೋಡ್ಲಿಲ್ಲ."

ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗಂಡಸರ ಪಂಕ್ತಿಯ ಮುಂದೆಯೂ ಬಾರದ ನಮ್ಮ ವೈನಿ ಆ ಬಯಲನ್ನು ಒಬ್ಬರೇ ದಾಟಿ, ಗುರುತಿಲ್ಲದ ಊರಿನ ಅಷ್ಟು ಗಂಡಸರ ಗುಂಪಿನ ಅಂಚಿನಲ್ಲಿ ನೆಲದ ಮೇಲೆ ಕೂತುಬಿಟ್ಟರು. ನಾನು ಹಿಂದೆಯೇ ಓಡಿದೆ. ಅಣ್ಣನೂ ಎದ್ದು ಬಂದ. ಆದರೆ ಅರ್ಧ ದಾರಿಯಲ್ಲಿ ನಿಂತುಕೊಂಡ.

"ಅಣ್ಣಾ," ಎಂದರು ವೈನಿ ಕಾಕಾಗೆ, "ಮುಂಜಾನಿಂದ ಒಲಿ ಮುಂದ ಅದೇನಿ. ಹೊಟ್ಯಾಗ ಒಂದ ಅಗಳ ಇಲ್ಲ. ಒಂದ ರೊಟ್ಟಿ ಕೊಡ್ರಿ."

ಕಾಕಾ ತಬ್ಬಿಬ್ಬಾದರು. "ಅಲ್ಲವಾ, ನೀವು ಮಾಡಿದ್ದು ಅಲ್ಲಿ ರಾಶಿ ಬಿದ್ದೈತಿ."

"ಅದು ಮಂದಿಗಿ ಮಾಡಿದ್ದು. ನನಗ ನಿಮ್ಮ ಬುತ್ತ್ಯಾಗಿಂದು ಬೇಕು."

ನಮ್ಮ ಕಡೆ ಹೊಲದಲ್ಲಿ ಬುತ್ತಿ ಬಿಚ್ಚಿದವನು ಎದುರಿಗೆ ಯಾರಿದ್ದರೂ ಕರೆಯಲೇಬೇಕು. ದಾರಿಹೋಕನಿರಲಿ, ಬದುವಿನ ವ್ಯಾಜ್ಯ ಹೂಡಿದ ಪಕ್ಕದ ಹೊಲದವನಿರಲಿ, "ಬರ್ರಿ, ಉಣ್ಣೂಣು" ಎನ್ನದೆ ಮೊದಲ ತುತ್ತು ಎತ್ತುವುದಿಲ್ಲ. ಬಂದು ಕೈ ಒಡ್ಡಿದವರಿಗೆ ಇಲ್ಲ ಎಂದವನ ಕಥೆಯನ್ನು ನಾನು ಕೇಳಿಲ್ಲ. ಕಾಕಾ ಎರಡು ಕಟಕ ರೊಟ್ಟಿ ತೆಗೆದರು. ಮೇಲೆ ಪುಂಡಿ ಪಲ್ಯ, ಒಂದು ಹೋಳು ಲಿಂಬೆ ಉಪ್ಪಿನಕಾಯಿ ಇಟ್ಟು ವೈನಿಯ ಕೈಗೆ ಕೊಟ್ಟರು.

ವೈನಿ ಮುರಿದು ಮುರಿದು ತಿಂದರು. ಉಂಡದ್ದು ನಾಟಕಕ್ಕಲ್ಲ. ಅವರಿಗೆ ನಿಜವಾಗಿಯೂ ಹಸಿವಾಗಿತ್ತು. ಉಪ್ಪಿನಕಾಯಿಯ ಹೋಳನ್ನು ಚೀಪಿ, "ಇದು ಯಾರ ಗಿಡದ್ದು?" ಎಂದರು.

"ನಂದ. ನಮ್ಮಾಕಿ ಹಚ್ಚಿದ್ದು. ಆಕಿ ಹ್ವಾದಮ್ಯಾಲ ನಾ ಕೊಡದಲೆ ನೀರ ಹೊತ್ತ ಹಾಕ್ತೇನಿ, ಆ ಒಂದ ಸಾಲಿಗಿ." ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದರು. "ಉಳಿದ ಸಾಲ ಎಲಿ ಮುದುಡ್ಯಾವ. ಹೋದ ವರ್ಷ ಕೆಲವನ್ನ ಕಡದ ಒಲಿಗಿ ಇಟ್ಟೆ. ಹಸಿ ಇದ್ವು ಇನ್ನೂ. ಉರೀಲಿಲ್ಲ, ಬರೇ ಹೊಗಿ."

ವೈನಿ ಉಳಿದ ರೊಟ್ಟಿಯನ್ನೂ ಚೂರು ಬಿಡದೆ ತಿಂದು ಮುಗಿಸಿದರು. ಕಾಕಾ ನೀರಿನ ತಂಬಿಗೆ ಮುಂದೆ ಸರಿಸಿದರು. ಕುಡಿದ ಮೇಲೆ ವೈನಿ ಅಂದರು:

"ನಾ ನಿಮ್ಮದು ಉಂಡೆ. ಇನ್ನ ನೀವು ಉಪಾಸ ಹೊಂಟ್ರ ನನಗ ಈ ಊರಾಗ ಮಾರಿ ತೋರಸಾಕ ಆಗಂಗಿಲ್ಲ. ಹುಗ್ಗಿ ಹಾಕಂಗಿಲ್ಲ, ನನ್ನ ಮಾತ ಕೇಳ್ರಿ. ಬರೇ ರೊಟ್ಟಿ ಪಲ್ಯ. ಜೋಳ ಮಳಿದು, ಕಾಲುವಿದಲ್ಲ. ನಿಮ್ಮ ಬುತ್ತೀನೂ ಅಲ್ಲೇ ತರ್ರಿ, ನಮ್ಮ ಮಂದಿಗಿ ಈ ಲಿಂಬಿಕಾಯಿ ರುಚಿ ಗೊತ್ತಿಲ್ಲ."

ಕಾಕಾ ತಮ್ಮವರ ಕಡೆ ನೋಡಿದರು. ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಅವರು ಕೋಲು ಊರಿ ಎದ್ದರು. ಬುತ್ತಿಯ ಗಂಟನ್ನು ಹಾಗೇ ಬಿಚ್ಚಿದಂತೆಯೇ ಎರಡು ಕೈಯಲ್ಲಿ ಎತ್ತಿಕೊಂಡರು.

ವೈನಿ ಓಡಿಬಂದು ಹುಗ್ಗಿಯ ಕೊಪ್ಪರಿಗೆಯ ಮೇಲೆ ಮುಚ್ಚಳ ಹಾಕಿದರು. ಪಂಕ್ತಿಯ ದಿಕ್ಕನ್ನೇ ಬದಲಿಸಿ, ನಮ್ಮೂರಿನವರನ್ನು ಕಾಲುವೆಗೆ ಮುಖ ಮಾಡಿ ಕೂಡಿಸಿ, ಬಂದವರ ಬೆನ್ನು ಅದರ ಕಡೆಗೆ ಬರುವಂತೆ ಮಾಡಿದರು. ಕಬ್ಬಿನ ಮಾವನಿಗೆ ಮಾತ್ರ ಇದು ಸರಿ ಹೋಗಲಿಲ್ಲ.

"ಅಲ್ಲವಾ, ಹುಗ್ಗಿ? ಅದರ ಸಲುವಾಗಿ ನಾ ಮುಂಜಾನಿ ನಾಷ್ಟಾನೂ ಮಾಡಿಲ್ಲ."

"ಅದು ಸಾಲಿ ಹುಡುಗರಿಗಿ ಹೊಕ್ಕೈತಿ. ಕೊನೀ ಗಿಡಕ್ಕ ನೀರ ಮುಟ್ಟಿದ ದಿನಾ ಮತ್ತ ಮಾಡ್ತೇನಿ. ನಿಮ್ಮ ಬಾಯಾಗ ನೀರ ಬರಾಕತ್ತಿತ್ತಂದ್ರ ಮೊದಲ ಅವ್ರ ಹೊಲಕ್ಕ ಬಿಡ್ರಿ."

ಆ ಕಡೆಯವರಲ್ಲಿ ಒಬ್ಬನಿಗೆ ನಗು ಬಂದು ಉಸಿರು ಸಿಕ್ಕಿಕೊಂಡಿತು. ಪಕ್ಕದಲ್ಲಿ ಕೂತ ನಮ್ಮೂರಿನವನೇ ಅವನ ಬೆನ್ನು ತಟ್ಟಿದ. ಪಂಕ್ತಿಯ ಸದ್ದು ಒಮ್ಮೆ ಇಳಿದು, ಆಮೇಲೆ ಏರಿತು.

ಅಂದು ಎಲ್ಲವೂ ಬಗೆಹರಿಯಿತು ಎಂದು ನಾನು ಹೇಳುವುದಿಲ್ಲ. ಸಂಜೆಯವರೆಗೆ ಜಗಳವೇ ಆಯಿತು. ಆದರೆ ಕೂತು ಜಗಳವಾಡಿದೆವು. ಕೊನೆಗೆ ಪಾಳಿ ಗೊತ್ತಾಯಿತು: ಕೊನೆಯವರ ಪಾಳಿ ಬಂದಾಗ ನಮ್ಮ ಕಡೆಯ ತೂಬುಗಳನ್ನು ಮುಚ್ಚಬೇಕು, ಸಿಂದಗಿಯವರು ಮರುದಿನ ಮುಚ್ಚಬೇಕು. ಸಹಿ ಇಲ್ಲ, ಶಿಕ್ಷೆ ಇಲ್ಲ, ಬರೀ ಬಾಯಿಮಾತು. ಮೊದಲ ಪಾಳಿಯಲ್ಲೇ ಕಬ್ಬಿನ ಮಾವ ತಮ್ಮ ತೂಬನ್ನು ತೆರೆದಿದ್ದು ಅಣ್ಣನ ಕಣ್ಣಿಗೆ ಬಿತ್ತು. ಅಣ್ಣ ಮನೆಗೆ ಬಂದು ಹೇಳಿದ. ವೈನಿ ಯಾರೊಂದಿಗೂ ಜಗಳವಾಡಲಿಲ್ಲ. ಮಾವನ ಮನೆಗೆ ಹೋಗಿ, ಅವರ ಹೆಂಡತಿಯ ಹತ್ತಿರ ಕೂತು, ಅಡಿಕೆ ಹಾಕಿಕೊಳ್ಳುತ್ತ ದೊಡ್ಡ ದನಿಯಲ್ಲಿ, "ಅಕ್ಕಾ, ಮಾವಗ ಹುಗ್ಗಿ ಸೇರಂಗಿಲ್ಲಂತ ಕಾಣತೈತಿ. ಬರೂ ಸರ್ತಿ ಅವರ ಪಾಲಿಂದು ಮಾಡಂಗಿಲ್ಲ," ಎಂದು ಬಂದರು. ಮಾವ ಒಳಕೋಣೆಯಲ್ಲಿದ್ದರು. ಸಂಜೆಯೊಳಗೆ ತೂಬು ಮುಚ್ಚಿತ್ತು.

ಮುಂದಿನ ಪಾಳಿಗೆ ನೀರು ಮುಟ್ಟಿತು ಎಂದು ಕಾಕಾ ಫೋನ್ ಮಾಡಿದರು. ವೈನಿ ಮರುದಿನವೇ ಹುಗ್ಗಿ ಮಾಡಿ, ಟಂಟಂ ಗಾಡಿಯಲ್ಲಿ ಪಾತ್ರೆ ಇಟ್ಟು, ಅದು ಉರುಳದಂತೆ ಹಿಡಿದುಕೊಳ್ಳಲು ಕಬ್ಬಿನ ಮಾವನನ್ನೇ ಕೂಡಿಸಿದರು. ಸಿಂದಗಿ ದಾಟಿ ಇಂಡಿ ತಾಲೂಕು ಮುಟ್ಟುವವರೆಗೂ ಮಾವ ಆ ಪಾತ್ರೆಯನ್ನು ತಬ್ಬಿಕೊಂಡೇ ಇದ್ದರು. ಪ್ರತಿ ಗುಂಡಿಗೂ, "ಮಾವಾ, ಹಿಡೀರಿ, ನಿಮ್ಮ ಬೆಲ್ಲ ಐತಿ ಅದರಾಗ," ಎಂದು ವೈನಿ ಹೇಳುತ್ತಿದ್ದರು.

ಕಾಕಾನ ತೋಟದ ಬದಿಯಲ್ಲಿ ನಾವು ನೀರು ನೋಡಿದೆವು. ಪಾದ ಮುಳುಗುವಷ್ಟೂ ಇರಲಿಲ್ಲ. ತರಗೆಲೆಗಳನ್ನು ತಳ್ಳಿಕೊಂಡು, ಒಣ ಬಿರುಕುಗಳಲ್ಲಿ ಇಳಿದು ಏಳುತ್ತ ಬರುತ್ತಿತ್ತು. ಅದರ ಮುಂದೆ ಊರಿನ ಜನ ಮದುವೆ ಬಟ್ಟೆ ಹಾಕಿಕೊಂಡು ನಿಂತಿದ್ದರು. ಹೆಂಗಸರು ಆ ನೀರಿಗೆ ಕುಂಕುಮ ಹಾಕಿದರು. ಕಬ್ಬಿನ ಮಾವ ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡರು. ತಿರುಗಿ ಬರುವಾಗ, ಊರು ಹತ್ತಿರ ಬಂದಾಗ ವೈನಿ ಅಂದರು: "ನಮ್ಮಲ್ಲಿ ಕಾಲುವ್ಯಾಗ ಎಮ್ಮಿ ಈಸ್ತಾವ. ಅಲ್ಲಿ ಗುಬ್ಬಿ ಮೈತೊಳಕೊಳ್ಳುವಷ್ಟ ಬಂದ್ರ ಮಂದಿ ಕುಂಕುಮ ಹಚ್ತಾರ. ಇಷ್ಟ ದಿನಾ ನಾವು ಏನ ಮಾಡಾಕತ್ತಿದ್ದಿವಿ, ತಮ್ಮಾ?"

ಆಮೇಲೆ ಪ್ರತಿ ವರ್ಷವೂ ಹಿಂಗಾರಿಗೆ ಮೊದಲು ಆ ಊಟ ನಡೆಯಿತು. ನೀರು ಹೆಚ್ಚು ಕಡಿಮೆ ಆಗುತ್ತಿತ್ತು. ಜಗಳಗಳೂ ಇದ್ದವು. ಪಾಳಿ ಮಾತ್ರ ಮುರಿಯಲಿಲ್ಲ. ಕಾಕಾನ ಗಿಡಗಳು ಚಿಗುರಿದವು. ಪ್ರತಿ ಊಟಕ್ಕೆ ಬರುವಾಗಲೂ ಅವರು ಒಂದು ಚೀಲ ಲಿಂಬೆಹಣ್ಣು ತಂದು, ಯಾರ ಕೈಗೂ ಕೊಡದೆ ಪರದೆಯ ಹತ್ತಿರ ಇಟ್ಟು, "ಅವ್ವಾ, ನೋಡ್ರಿ ಇದನ್ನ," ಎಂದು ಮಾತ್ರ ಹೇಳುತ್ತಿದ್ದರು.

ಹೋದ ವರ್ಷ ವೈನಿಗೆ ಕಾಯಿಲೆಯಾಯಿತು. ವಿಜಯಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವರಿಗೆ ಊಟ ಸೇರುತ್ತಿರಲಿಲ್ಲ. ಆದರೆ ಪಡಸಾಲೆಯಲ್ಲಿ ಮಲಗಿಕೊಂಡೇ ಆ ವರ್ಷದ ಊಟ ಮಾಡಿಸಿದರು. ಅಣ್ಣ ಒಲೆಯಿಂದ ಪಲ್ಯ ತಂದು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಅವರು ವಾಸನೆ ನೋಡಿ ಉಪ್ಪು ಹೇಳುತ್ತಿದ್ದರು. ಆ ಮದುವೆಯಲ್ಲಿ ಎಷ್ಟು ಮಾತು ಆಗದೆ ಉಳಿದಿತ್ತೋ, ಅಷ್ಟೂ ಆ ದಿನಗಳಲ್ಲಿ ನಡೆದಂತೆ ನನಗೆ ಕಂಡಿತು.

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. "ನಾ ಹ್ವಾದೆ ಅಂತ ಊಟ ನಿಲ್ಲಸಬ್ಯಾಡ್ರಿ. ಊಟ ನಿಂತ್ರ ಮಾತ ನಿಲ್ತಾವ. ಮಾತ ನಿಂತ್ರ ನೀರ ನಿಲ್ತೈತಿ."

"ನೀವಿಲ್ಲಂದ್ರ ಯಾರ್ ಕೇಳ್ತಾರ್ರಿ ವೈನಿ, ಇಂಥಾ ಮಂದಿ?"

"ನನ್ನ ಮಾತ ಯಾವಾಗ ಕೇಳ್ಯಾರೋ ಅವ್ರು? ಅವ್ರು ಒಬ್ಬರದೊಬ್ಬರು ಉಂಡಾರ. ಅಷ್ಟ ಸಾಕು."

ಹಿಂಗಾರಿ ಜೋಳ ಹಾಲು ತುಂಬುವ ಹೊತ್ತಿಗೆ, ಒಂದು ಮುಂಜಾನೆ ಅವರು ಹೋದರು. ಅಣ್ಣ ಪಕ್ಕದಲ್ಲಿಯೇ ಇದ್ದ. ಊರೆಲ್ಲ ಮಣ್ಣಿಗೆ ಬಂತು. ಹೊಲದಲ್ಲಿ ನಮ್ಮ ಅವ್ವನ ಗದ್ದುಗೆಯ ಪಕ್ಕದಲ್ಲಿ ಅವರನ್ನು ಇಟ್ಟು ಬಂದೆವು. ಮರುದಿನ ಬೆಳಗಾದ ಮೇಲೆ ಮನೆಯವರೆಲ್ಲ ಸುಮ್ಮನೆ ಕೂತಿದ್ದಾಗ ನನಗೆ ಒಮ್ಮೆಲೇ ಹೊಳೆಯಿತು. ಕೊನೆಯವರ ಪಾಳಿ ಹಿಂದಿನ ಸಂಜೆಯೇ ಶುರುವಾಗಬೇಕಿತ್ತು. ತೂಬು ಮುಚ್ಚುವುದನ್ನು ನೆನಪಿಸುವ ಕೆಲಸ ನನ್ನದು. ನಾನು ಯಾರಿಗೂ ಹೇಳಿರಲಿಲ್ಲ. ಊರಿಗೆ ಊರೇ ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಮಲಗಿತ್ತು. ಅವರಿಲ್ಲದ ಮೊದಲ ಪಾಳಿಯೇ ತಪ್ಪಿತು ಎಂದುಕೊಂಡು, ಮನೆ ಬಿಟ್ಟು ಹೋಗಬಾರದು ಎಂದು ಹೆಂಗಸರು ಹೇಳುತ್ತಿದ್ದರೂ ಕಾಲುವೆಯ ಕಡೆ ಹೊರಟೆ.

ಮೊದಲ ತೂಬು ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು, ಸಂದಿಗೆ ಹುಲ್ಲು ತುರುಕಿ ಮೇಲೆ ಕೆಸರು ಮೆತ್ತಿದ್ದರು. ನಾನು ದಂಡೆಯುದ್ದಕ್ಕೂ ನಡೆದೆ. ಒಂದೂ ತೆರೆದಿರಲಿಲ್ಲ. ಎಲ್ಲಕ್ಕಿಂತ ಆಚೆಯ ತೂಬಿನ ಕಲ್ಲಿನ ಮೇಲೆ ಕಬ್ಬಿನ ಮಾವ ಚಾದರ ಹೊದ್ದು ಕೂತಿದ್ದರು. ಪಂಚೆಯ ತುದಿ ಕೆಸರಾಗಿತ್ತು.

"ನೀವ್ಯಾಕ ಇಲ್ಲಿ ಕುಂತೀರಿ ಮಾವಾ, ಇಂಥಾ ಥಂಡ್ಯಾಗ?"

"ಮಣ್ಣ ಮುಗಿಸಿ ಬರೂಮುಂದ ನೆನಪಾತು. ನಿನ್ನ ಕೇಳೂದ ಬ್ಯಾಡ ಅನಿಸ್ತು. ನಾಕ ಹುಡುಗರನ್ನ ಕರಕೊಂಡ ಬಂದೆ." ಕೈಯಿಂದ ಹಲಗೆಯನ್ನು ಒತ್ತಿ ನೋಡಿ, "ಈ ತೂಬಿನ ಹಲಗಿ ಸಡ್ಲ ಐತಿ. ಯಾರರ ಕುಂಡ್ರಬೇಕು. ನೀ ಮನಿಗಿ ಹೋಗು," ಎಂದರು.

ಇಂಡಿ ಕಡೆಯವರಿಗೆ ವೈನಿ ಹೋದ ಸುದ್ದಿ ತಿಳಿಸಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಮಾತನಾಡಿಸಲು ಬಂದವರು ಪಡಸಾಲೆಯಲ್ಲಿ ಕೂತಿದ್ದಾಗ ನನಗೆ ಫೋನ್ ಬಂತು. ಲಿಂಬೆ ತೋಟದ ಕಾಕಾ.

"ಸೆಕ್ರೆಟ್ರಿ, ನೀರ ಬಂತಪಾ. ಈ ಸರ್ತಿ ಮೊಣಕಾಲತನಕ ಐತಿ. ಹಿಂಗ ಯಾವತ್ತೂ ಬಂದಿಲ್ಲ. ಅವ್ವಗ ಫೋನ ಕೊಡ್ರಿ. ಬ್ಯಾಡ, ಆಕಿಗಿ ಆರಾಮಿಲ್ಲಲಾ, ಏಳಸಬ್ಯಾಡ್ರಿ. ಅಲ್ಲೇ ಹಿಡೀರಿ, ಕೇಳಸ್ತೇನಿ."

ನಾನು ಬಾಯಿ ತೆರೆಯುವ ಮೊದಲೇ ಅವರು ಫೋನನ್ನು ಕಾಲುವೆಯ ಹತ್ತಿರ ಒಯ್ದಿದ್ದರು. ನಾನು ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟೆ. ನೀರಿನ ಸದ್ದು ಪಡಸಾಲೆಯಲ್ಲೆಲ್ಲ ತುಂಬಿತು. ಅಳುತ್ತಿದ್ದ ಹೆಂಗಸರು ಸುಮ್ಮನಾದರು. ಗೋಡೆಗೆ ಒರಗಿ ಮೂರು ದಿನದಿಂದ ಯಾರನ್ನೂ ನೋಡದೆ ಕೂತಿದ್ದ ಅಣ್ಣ ಮುಂದೆ ಸರಿದು ಬಂದು, ಫೋನಿನ ಕಡೆ ಕಿವಿ ಬಾಗಿಸಿದ.

"ಕೇಳಸ್ತೇನ ಅವ್ವಗ?" ಎಂದರು ಕಾಕಾ.

ಆಗ ಹೇಳಿದೆ. ಅಣ್ಣನೇ ಹೇಳಲಿ ಎಂದು ಅವನ ಮುಖ ನೋಡಿದ್ದೆ. ಅವನಿಂದ ಆಗಲಿಲ್ಲ. ಆ ಕಡೆ ಬಹಳ ಹೊತ್ತು ನೀರಿನ ಸದ್ದು ಮಾತ್ರ ಇತ್ತು.

"ತೂಬು ಯಾರ್ ಮುಚ್ಚಿದ್ರು ಹಂಗಾದ್ರ?" ಎಂದು ಕಾಕಾ ಕೇಳಿದರು.

"ನಮ್ಮ ಮಂದಿನ ಮುಚ್ಚ್ಯಾರ್ರಿ ಕಾಕಾ. ಮಣ್ಣಿಗಿ ಬಂದವ್ರು ಮನಿಗಿ ಹೋಗೂಕಿಂತ ಮೊದಲ."

"ಅವ್ವನ ದಿನಕರ್ಮ ಯಾವತ್ತ ಇಟಗೊಂಡೀರಿ?" ಎಂದರು ಕಾಕಾ. "ನಾವು ಎಲ್ಲಾರೂ ಬರ್ತೇವಿ. ಹೆಂಗಸರೂ ಬರ್ತಾರ. ಬುತ್ತಿ ತರಂಗಿಲ್ಲ. ನಿಮ್ಮ ಪಂಕ್ತ್ಯಾಗನ ಕುಂಡರ್ತೇವಿ."

"ಬರ್ರಿ ಕಾಕಾ," ಎಂದ ಅಣ್ಣ. ಮೂರು ದಿನದಲ್ಲಿ ಅವನು ಆಡಿದ ಮೊದಲ ಮಾತು ಅದು.